ಹತ್ತನೇ ಕ್ಲಾಸು ಮುಗಿದ ಮೇಲಿನ ಮಳೆಗಾಲ: ಮಲೆನಾಡಿನ ಹೆಣ್ಣುಮಕ್ಕಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆ ಮಗಳ ಓದು ನಿಲ್ಲಿಸಬೇಕೆಂದು ಕೂತು ತೀರ್ಮಾನ ಮಾಡುವ ಮನೆಗಳು ಈಗ ಕಡಿಮೆ. ಓದು ತಾನಾಗಿ ನಿಂತುಹೋಗುತ್ತದೆ. ಹಾಸ್ಟೆಲ್ ಅರ್ಜಿಯ ತಾರೀಕು ದಾಟಿರುತ್ತದೆ, ಸಂಜೆಯ ಬಸ್ಸು ಹೊತ್ತಿಗೆ ಬರುವುದಿಲ್ಲ, ಹಳ್ಳ ತುಂಬುತ್ತದೆ, ನಡುವೆ ಒಂದು ವಾರ ಜ್ವರ. ಆಗಸ್ಟ್ ಬರುವಷ್ಟರಲ್ಲಿ ಹುಡುಗಿ ಮನೆಯಲ್ಲಿರುತ್ತಾಳೆ, ಮುಂದಿನ ಮಾಘದಲ್ಲಿ ಗಂಡು ನೋಡಲು ಬರುತ್ತಾರೆ. ಪೇಟೆಯ ಹುಡುಗಿಗೆ ಹಳ್ಳವಿಲ್ಲ, ಕೈಯಲ್ಲಿ ಫೋನಿದೆ. ಆ ಫೋನಿನದು ಬೇರೆ ಪಾಡು. ಅಪ್ಪ-ಅಮ್ಮ, ಮೇಷ್ಟ್ರು, ಹಾಸ್ಟೆಲ್ ವಾರ್ಡನ್‌ಗಳು ಮತ್ತು ಹುಡುಗಿಯರೇ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಕಾಲೇಜು 30 ಕಿ.ಮೀ. ದೂರ. ದಿನಾ ಓಡಾಡಿಸುವುದೋ, ಹಾಸ್ಟೆಲಿಗೆ ಹಾಕುವುದೋ?

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಾಕಿ. ಮನೆ ಬಾಗಿಲು ದಾಟಿದ ಹೊತ್ತಿನಿಂದ ಮತ್ತೆ ಹೊಸ್ತಿಲು ತುಳಿಯುವ ಹೊತ್ತಿನವರೆಗೆ ಎಣಿಸಿ, ಅದರಲ್ಲಿ ಕಾಲೇಜಿನ ಹೊತ್ತು ಕಳೆಯಿರಿ. ಉಳಿದದ್ದು ಮೂರು ಗಂಟೆ ಮೀರಿದರೆ ಓಡಾಟ ಜುಲೈ ದಾಟುವುದು ಕಷ್ಟ. ಲೆಕ್ಕವನ್ನು ಮೇ ತಿಂಗಳ ಒಣ ರಸ್ತೆಯಲ್ಲಿ ಮಾಡಬೇಡಿ. ಮಳೆ ಹಿಡಿದ ಮೇಲೆ ಒಂದು ಸಂಜೆ ಕೊನೆಯ ಬಸ್ಸಿಳಿದು ಮನೆಯವರೆಗೆ ನೀವೇ ನಡೆದು ನೋಡಿ. ಆ ನಡಿಗೆಯಲ್ಲಿ ಕತ್ತಲಾದರೆ, ದಾರಿಯಲ್ಲಿ ಮನೆಗಳಿಲ್ಲದಿದ್ದರೆ, ಕಾಡುಕೋಣ ಓಡಾಡುವ ಜಾಗವಿದ್ದರೆ, ಹಾಸ್ಟೆಲೇ ಸರಿ.

ಶರಾವತಿ ಹಿನ್ನೀರಿನ ಆಚೆಯವರ ಲೆಕ್ಕ ಈಚೆಗೆ ಬದಲಾಗಿದೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ತುಮರಿ ಕಡೆಯ ಹುಡುಗಿಯರು ಸಾಗರಕ್ಕೆ ಹೋಗಲು ಲಾಂಚ್ ಕಾಯಬೇಕಿಲ್ಲ. ಆದರೆ ಸೇತುವೆ ಇರುವುದು ಮುಖ್ಯರಸ್ತೆಗೆ. ಮನೆಯಿಂದ ಮುಖ್ಯರಸ್ತೆಯವರೆಗಿನ ಕಾಡುದಾರಿ ಇದ್ದಹಾಗೆಯೇ ಇದೆ.

ಹಾಸ್ಟೆಲ್ ಅರ್ಜಿ ಎಲ್ಲಿ ತಪ್ಪುತ್ತದೆ?

ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ (ಎಲ್ಲರ ಬಾಯಲ್ಲಿ ಬಿಸಿಎಂ) ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ಅರ್ಜಿ ಆನ್‌ಲೈನಿನಲ್ಲೇ, ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ. ಕಾಲೇಜಿಗೆ ಸೇರಿದ ವಿವರ, ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲೆ ಅಚ್ಚಾಗಿರುತ್ತದೆ), ಬ್ಯಾಂಕ್ ಖಾತೆ ಬೇಕು. ಹೆಚ್ಚಿನವರು ಎಡವುವುದು ಮೂರು ಕಡೆ.

ಮೊದಲನೆಯದು ಆದಾಯ ಪ್ರಮಾಣಪತ್ರ. ಅದರ ಅವಧಿ 5 ವರ್ಷ. ಐದನೇ ಕ್ಲಾಸಿನಲ್ಲಿ ಮಾಡಿಸಿದ್ದು ಹತ್ತು ಮುಗಿಯುವಷ್ಟರಲ್ಲಿ ಸತ್ತಿರುತ್ತದೆ, ಅದು ಗೊತ್ತಾಗುವುದು ಅರ್ಜಿ ತುಂಬುವ ದಿನ. ಪರೀಕ್ಷೆ ಮುಗಿದ ವಾರವೇ ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಹೊಸದಕ್ಕೆ ಕೊಡಿ. ಎರಡನೆಯದು ಒಟಿಪಿ. ಆಧಾರಿಗೆ ಜೋಡಿಸಿದ ಫೋನು ನೆಟ್‌ವರ್ಕ್ ಇಲ್ಲದ ಮನೆಯಲ್ಲಿ, ಹುಡುಗಿ ಪೇಟೆಯ ಕಂಪ್ಯೂಟರ್ ಮುಂದೆ. ಆ ಫೋನನ್ನೇ ಜೊತೆಗೆ ಒಯ್ಯಬೇಕು. ಅಪ್ಪನ ಹಳೇ ನಂಬರ್ ಜೋಡಿಸಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಬದಲಿಸಬೇಕು. ಮೂರನೆಯದು, ಕಾಲೇಜಿನ ಪ್ರವೇಶವಾಗಿದೆ ಎಂದು ಸುಮ್ಮನಿರುವುದು. ಕಾಲೇಜಿಗೆ ಸೇರಿದರೆ ಹಾಸ್ಟೆಲಿಗೆ ಸೇರಿದಂತಲ್ಲ. ಎರಡೂ ಬೇರೆ ಅರ್ಜಿ, ಕೊನೆಯ ತಾರೀಕೂ ಬೇರೆ.

ಸೀಟು ಸಿಗದಿದ್ದರೆ ಹಿಂದುಳಿದ ವರ್ಗದ ಹುಡುಗಿಯರಿಗೆ ವಿದ್ಯಾಸಿರಿ ಇದೆ: ಹಾಸ್ಟೆಲ್ ಸಿಗದೆ ಹೊರಗೆ ಇರುವವರಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಶಿವಮೊಗ್ಗದ ಬಾಡಿಗೆಗೆ ಅದು ಸಾಲದು, ನಾಲ್ಕು ಹುಡುಗಿಯರು ಸೇರಿ ರೂಮು ಮಾಡಿದರೆ ಅರ್ಧದಷ್ಟಾದರೂ ಹೊರೆ ಇಳಿಯುತ್ತದೆ.

ಇನ್ನೂ ಐದನೇ ಕ್ಲಾಸಿನಲ್ಲಿರುವ ಮಗಳಿದ್ದರೆ ಈಗಲೇ ಯೋಚಿಸಿ. ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಆರನೇ ಕ್ಲಾಸಿನಲ್ಲಿ ಪ್ರವೇಶ, ಅದಕ್ಕೆ ಪರೀಕ್ಷೆ ಬರೆಯಬೇಕು. ಶಾಲೆ ಬಿಟ್ಟ ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಕೇಳಿ.

ಶಕ್ತಿ ಯೋಜನೆ ಇದೆಯಲ್ಲ, ಬಸ್ಸಿಗೆ ದುಡ್ಡೇ ಬೇಡವಲ್ಲ?

2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ನಿಜ. ಆದರೆ ಮಲೆನಾಡಿನ ಒಳಮಾರ್ಗಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ, ವಿದ್ಯಾರ್ಥಿ ರಿಯಾಯಿತಿ ಮಾಲೀಕರ ಮರ್ಜಿ. ಬೆಂಗಳೂರಿನ ಹುಡುಗಿಗೆ ಸಿಕ್ಕ ಯೋಜನೆ ಹೊಸನಗರದ ಒಳಹಳ್ಳಿಗೆ ಅರ್ಧ ಮಾತ್ರ ತಲುಪಿದೆ.

ಸರ್ಕಾರಿ ಬಸ್ಸು ಬೇಕೆಂದರೆ ಬಾಯಿಮಾತು ಸಾಲದು. ಯಾವ ಊರಿನಿಂದ ಎಷ್ಟು ವಿದ್ಯಾರ್ಥಿನಿಯರು, ಯಾವ ಕಾಲೇಜು, ಬೆಳಿಗ್ಗೆ ಎಷ್ಟಕ್ಕೆ ತಲುಪಬೇಕು, ಸಂಜೆ ಎಷ್ಟಕ್ಕೆ ಬಿಡುತ್ತದೆ, ಬಸ್ಸು ತಿರುಗಿಸಲು ಜಾಗ ಎಲ್ಲಿದೆ ಎಂದು ಬರೆದು, ಕಾಲೇಜಿನ ಪ್ರಾಂಶುಪಾಲರ ಸಹಿ ಹಾಕಿಸಿ, ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ‘ಬಸ್ಸು ತಿರುಗಿಸಲು ಜಾಗವಿಲ್ಲ’ ಎನ್ನುವುದೇ ಅರ್ಜಿ ತಿರಸ್ಕರಿಸಲು ಸುಲಭದ ಕಾರಣ. ಅದನ್ನು ಮೊದಲೇ ಬಗೆಹರಿಸಿಕೊಂಡು ಹೋಗಿ. ಖಾಸಗಿ ಬಸ್ಸು ಪರ್ಮಿಟ್ಟಿನ ಟ್ರಿಪ್ಪು ಕಡಿದು ಸಂಜೆ ಬರುವುದನ್ನೇ ಬಿಟ್ಟಿದ್ದರೆ ದೂರು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಯಾವ ತಾರೀಕಿನಂದು ಬರಲಿಲ್ಲ ಎಂದು ಹದಿನೈದು ದಿನ ಬರೆದಿಟ್ಟ ಪಟ್ಟಿ ಜೊತೆಗಿದ್ದರೆ ದೂರಿಗೆ ತೂಕ.

ಶಾಲೆಗೆ ಹೋಗುವ ದಾರಿಯಲ್ಲಿ ಕಾಲುಸಂಕ (ಹಳ್ಳ ದಾಟುವ ಮರದ ಕಿರುಸೇತುವೆ) ಇದೆ. ಮಳೆಗಾಲದಲ್ಲಿ ಏನು ನೋಡಿಕೊಳ್ಳಬೇಕು?

ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿದ ಸಂಕವನ್ನು ಎರಡನೇ ಮಳೆಗಾಲಕ್ಕೆ ನಂಬಬಾರದು. ಮೇಲೆ ಗಟ್ಟಿ ಕಂಡರೂ ಅಡಿಭಾಗ ಲಡ್ಡಾಗಿರುತ್ತದೆ. ಮೇ ಕೊನೆಯಲ್ಲಿ ದೊಡ್ಡವರು ಇಬ್ಬರು ನಡುವೆ ನಿಂತು ಕುಲುಕಿ ನೋಡಿ, ಬಾಗಿದ್ದನ್ನೆಲ್ಲ ಬದಲಿಸಿ. ಹಿಡಿಕೆ ಎರಡೂ ಬದಿಗೆ ಬೇಕು, ಅದೂ ಚಿಕ್ಕ ಮಗುವಿನ ಎದೆಯ ಎತ್ತರಕ್ಕೆ ಇನ್ನೊಂದು ಸಾಲು. ದೊಡ್ಡವರ ಸೊಂಟಕ್ಕೆ ಕಟ್ಟಿದ ಹಿಡಿಕೆಯ ಅಡಿಯಿಂದ ಮಗು ಜಾರಿ ಹೋಗುತ್ತದೆ. ಪಾಚಿ ಕಟ್ಟುವ ಮುಂಚೆ ಗೋಣಿತಾಟು ಸುತ್ತಿ ಕಟ್ಟಿದರೆ ಕಾಲು ನಿಲ್ಲುತ್ತದೆ.

ದಾಟುವಾಗ ಛತ್ರಿ ಮಡಚಬೇಕು, ಗಾಳಿಗೆ ಛತ್ರಿಯೇ ಎಳೆದೊಯ್ಯುತ್ತದೆ. ಬ್ಯಾಗು ಒಂದೇ ಹೆಗಲಿಗಿರಲಿ, ಬಿದ್ದರೆ ಕಳಚಿಕೊಳ್ಳಲು. ನೀರು ಸಂಕದ ಮರವನ್ನು ಮುಟ್ಟಿತೆಂದರೆ ಆ ದಿನ ಶಾಲೆ ಇಲ್ಲ. ಮಳೆ ರಜೆ ಘೋಷಣೆಯಾಗಿಲ್ಲವೆಂದು ಹೆದರಿ ಕಳಿಸಬೇಡಿ. ಈ ಒಂದು ಮಾತನ್ನು ಜೂನ್ ಮೊದಲ ವಾರವೇ ಮುಖ್ಯೋಪಾಧ್ಯಾಯರ ಜೊತೆ ಆಡಿಟ್ಟಿರಬೇಕು.

ಪಕ್ಕಾ ಸಂಕ ಬೇಕಾದರೆ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದು ಕೇಳಲಿ, ನಡಾವಳಿಯಲ್ಲಿ ಬರೆಸಲಿ. ಮಳೆಗಾಲದ ಫೋಟೊ, ದಾಟುವ ಮಕ್ಕಳ ಸಂಖ್ಯೆ, ಎರಡೂ ದಂಡೆಯ ಸರ್ವೆ ನಂಬರ್ ಇಟ್ಟು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ; ಪ್ರತಿಯೊಂದು ಶಿವಮೊಗ್ಗದಲ್ಲೇ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೆ ಹೋಗಲಿ. ಕೆಲಸ ನಿಲ್ಲುವುದು ಸಾಮಾನ್ಯವಾಗಿ ದುಡ್ಡಿಗಲ್ಲ, ಜಾಗಕ್ಕೆ. ಒಂದು ದಂಡೆ ಖಾಸಗಿ ತೋಟವಾದರೆ ಮಾಲೀಕರ ಒಪ್ಪಿಗೆ ಪತ್ರ ಮೊದಲೇ ಪಡೆಯಿರಿ. ಅರಣ್ಯ ಭೂಮಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ನೆನಪಿಡಿ: ರಸ್ತೆ, ಶಾಲೆಯಂಥ ಊರಿನ ಸೌಲಭ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ 1 ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ವರ್ಷವಾಯಿತು, ದುಡ್ಡು ಬಂದಿಲ್ಲ.

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನಲ್ಲಿ ಅರ್ಜಿಯ ಸ್ಥಿತಿ ನೋಡಿ. ಮಂಜೂರಾಗಿದ್ದೂ ಬಂದಿಲ್ಲವೆಂದರೆ ಖಾತೆಗೆ ಆಧಾರ್ ಜೋಡಣೆ, ದುಡ್ಡು ದಾಟಿಸುವ ವ್ಯವಸ್ಥೆಯಾದ ಎನ್‌ಪಿಸಿಐನಲ್ಲಿ ಆಗಿಲ್ಲ, ಇಲ್ಲವೇ ಮಗಳ ಹೆಸರಿನ ಬೇರೊಂದು ಖಾತೆಗೆ ಜೋಡಣೆಯಾಗಿ ದುಡ್ಡು ಅಲ್ಲಿ ಬಿದ್ದಿದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಡುವುದು ಬೇರೆ, ಎನ್‌ಪಿಸಿಐ ಜೋಡಣೆ ಬೇರೆ. ಎರಡನೆಯದನ್ನು ಹೆಸರಿಟ್ಟು ಕೇಳಬೇಕು. ಅರ್ಜಿಯೇ ಮುಂದೆ ಹೋಗದಿದ್ದರೆ ಹೆಸರಿನ ಗಲಾಟೆ: ಶಾಲೆಯ ದಾಖಲೆಯಲ್ಲಿ ‘ಸುಮ ಕೆ.’, ಆಧಾರಿನಲ್ಲಿ ‘ಸುಮಾ ಕೃಷ್ಣಪ್ಪ’. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಶಾಲೆಯ ದಾಖಲೆ ತಿದ್ದುವುದು ದೊಡ್ಡ ರಗಳೆ, ಆದ್ದರಿಂದ ಎಂಟನೇ ಕ್ಲಾಸಿನಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಹತ್ತು ಮತ್ತು ಹನ್ನೆರಡು ಮುಗಿಸಿ ಪದವಿಗೋ ಡಿಪ್ಲೊಮಾಕ್ಕೋ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೇ ವರ್ಷ ಗೊತ್ತಾದರೆ ಪ್ರಯೋಜನವಿಲ್ಲ.

ಎರಡು ವಿಷಯ ಫೇಲಾಗಿದೆ. ಮನೆಯಲ್ಲಿ ‘ಸಾಕು, ಇನ್ನು ಟೈಲರಿಂಗ್ ಕಲಿ’ ಅಂತಾರೆ.

ಟೈಲರಿಂಗ್ ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ ಒಂದು, ಎರಡು ಎಂದು ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ; ಪಾಸಾದರೆ ವರ್ಷ ಹಾಳಾಗುವುದಿಲ್ಲ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು, ಅದೂ ಓದಿದ ಶಾಲೆಯ ಮೂಲಕ. ಹುಡುಗಿ ನಾಚಿಕೊಂಡು ಶಾಲೆ ಕಡೆ ಹೋಗದೇ ಇರುವುದರಿಂದಲೇ ತಾರೀಕು ತಪ್ಪುತ್ತದೆ. ಮನೆಯವರೊಬ್ಬರು ಹೋಗಿ ಬನ್ನಿ.

ಅಡಿಕೆ ಸುಲಿಯುವ ಕಾಲದಲ್ಲಿ ಮಗಳು ಕೈಜೋಡಿಸಿದರೆ ತಪ್ಪೇ?

ನಿಮ್ಮದೇ ಅಡಿಕೆ, ನಿಮ್ಮದೇ ಮನೆ, ಶಾಲೆ ಬಿಟ್ಟ ಮೇಲೆ ಒಂದಿಷ್ಟು ಹೊತ್ತು ಎಂದಾದರೆ ಕಾನೂನು ತಡೆಯುವುದಿಲ್ಲ. 14 ತುಂಬದ ಮಗುವನ್ನು ಬೇರೆಯವರ ಚಪ್ಪರಕ್ಕೆ ಕೂಲಿಗೆ ಕಳಿಸುವುದು ಅಪರಾಧ. ಈ ವಯಸ್ಸಿನವರಿಗೆ ಸ್ವಂತ ಮನೆಯ ಕೆಲಸಕ್ಕೂ ನಿಯಮ ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಬೇಡವೆನ್ನುತ್ತದೆ, ಸುಲಿಯುವ ಕೆಲಸ ನಡೆಯುವುದೇ ಆ ಹೊತ್ತಿನಲ್ಲಿ! ಕಾನೂನಿಗಿಂತ ದೊಡ್ಡ ನಷ್ಟ ಬೇರೆಯಿದೆ. ಕೊಯ್ಲು ಬೀಳುವುದು ನವೆಂಬರಿನಿಂದ ಜನವರಿ, ಹತ್ತನೇ ಕ್ಲಾಸಿನ ಪಾಠ ಮುಗಿಸುವುದೂ ಅದೇ ತಿಂಗಳುಗಳಲ್ಲಿ. ರಾತ್ರಿ ಹನ್ನೊಂದರವರೆಗೆ ಕತ್ತಿಯ ಮುಂದೆ ಕೂತ ಹುಡುಗಿ ಬೆಳಿಗ್ಗೆ ಗಣಿತಕ್ಕೆ ಕಣ್ಣು ಬಿಡುವುದಿಲ್ಲ. ಅಣ್ಣ-ತಮ್ಮಂದಿರೂ ಸುಲಿಯುತ್ತಿದ್ದಾರೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಮುಟ್ಟಿನ ಬಟ್ಟೆ ಒಣಗುವುದೇ ಇಲ್ಲ. ಏನು ಮಾಡುವುದು?

ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ‘ಬಿಸಿಲಿನಲ್ಲಿ ಒಣಗಿಸಿ’ ಎಂಬ ಪುಸ್ತಕದ ಸಲಹೆ ಜುಲೈನಲ್ಲಿ ಇಲ್ಲಿ ನಡೆಯುವುದಿಲ್ಲ. ಹಸಿ ಬಟ್ಟೆಯನ್ನೇ ಮಡಚಿ ಮೂಲೆಯಲ್ಲಿಟ್ಟು ಮತ್ತೆ ಬಳಸಿದರೆ ತುರಿಕೆ, ಬಿಳಿ ಸೆರಗು, ಚರ್ಮದ ಸೋಂಕು.

ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಹಿಂಡಿ (ಬಿಸಿನೀರು ಹಾಕಿದರೆ ಕಲೆ ಕೂರುತ್ತದೆ), ಆಮೇಲೆ ಸೋಪು ಹಾಕಿ ಬಿಸಿನೀರಿನಲ್ಲಿ ಒಗೆಯಿರಿ. ಬಚ್ಚಲೊಲೆಯ ಮೇಲ್ಗಡೆ ಹಗ್ಗ ಕಟ್ಟಿ ಬಿಡಿಸಿ ಹಾಕಿ, ಹೊಗೆ ನೇರ ತಾಗದಷ್ಟು ದೂರಕ್ಕೆ. ಮೇಲೆ ಇನ್ನೊಂದು ಬಟ್ಟೆ ಮುಚ್ಚಬೇಡಿ. ಮುಚ್ಚಿದರೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಬಳಸುವ ಮುಂಚೆ ಇಸ್ತ್ರಿ ಮಾಡಿ. ಇವಿಷ್ಟಕ್ಕೆ ಅನುಕೂಲವಿಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಪ್ಯಾಡ್ ಬಳಸುವುದು ಲೇಸು. ಸರ್ಕಾರಿ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ಶುಚಿ ಯೋಜನೆಯಡಿ ಪುಕ್ಕಟೆ ಕೊಡಬೇಕು. ಬಂದಿಲ್ಲವೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಮರಳುವ ಹುಡುಗಿ ನಡುವೆ ಒಮ್ಮೆಯಾದರೂ ಬದಲಿಸಲೇಬೇಕು, ಅಂದರೆ ಶಾಲೆಯ ಶೌಚಾಲಯಕ್ಕೆ ಒಳಚಿಲಕ, ನೀರು, ಮುಚ್ಚಳವಿರುವ ಬುಟ್ಟಿ ಇರಲೇಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ಮೂರನ್ನೇ ಹೆಸರಿಟ್ಟು ಕೇಳಿ, ‘ಶೌಚಾಲಯ ಸರಿ ಮಾಡಿಸಿ’ ಎಂದರೆ ಸುಣ್ಣ ಬಳಿದು ಮುಗಿಸುತ್ತಾರೆ. ಬಳಸಿದ ಪ್ಯಾಡು ಹಳ್ಳಕ್ಕೋ ಗೊಬ್ಬರಗುಂಡಿಗೋ ಬೇಡ. ಅದರೊಳಗಿನ ಪ್ಲಾಸ್ಟಿಕ್ ಕರಗುವುದಿಲ್ಲ, ತೋಟದಲ್ಲಿ ಮೇಲೆ ಬರುತ್ತದೆ. ಕಾಗದದಲ್ಲಿ ಸುತ್ತಿ ಪಂಚಾಯ್ತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ನಮ್ಮಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿ. ಓದಿಗೆ ತೊಂದರೆಯೇ?

ಪದ್ಧತಿಯ ವಾದ ಇಲ್ಲಿ ಬೇಡ. ತಿಂಗಳಿಗೆ 3 ದಿನವೆಂದರೆ ಶಾಲೆ ನಡೆಯುವ ಹತ್ತು ತಿಂಗಳಿಗೆ 30 ದಿನ, ಹೆಚ್ಚುಕಡಿಮೆ ಒಂದು ತಿಂಗಳ ಪಾಠ. ಆ ದಿನಗಳಲ್ಲೂ ಶಾಲೆಗೆ ಕಳಿಸಿ. ಮಲಗುವ ಜಾಗ ಒಣಗಿರಲಿ, ಬಾಗಿಲಿರಲಿ, ದೀಪವಿರಲಿ.

ಮಗಳಿಗೆ ಸದಾ ಸುಸ್ತು. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ತಿಂದರೆ ವಾಂತಿ ಬರುತ್ತದೆ ಎನ್ನುತ್ತಾಳೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 10ರಿಂದ 19 ವರ್ಷದವರಿಗೆ ವಾರಕ್ಕೊಂದು. ವಾಂತಿ ಬರುವುದು ಖಾಲಿ ಹೊಟ್ಟೆಯಲ್ಲಿ ತಿಂದಾಗ. ಮಧ್ಯಾಹ್ನದ ಊಟವಾದ ಮೇಲೆ ತಿನ್ನಲಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ್ದೇ ಬಣ್ಣ. ಮಾತ್ರೆಗೂ ಊಟಕ್ಕೂ ಹಿಂದೆ-ಮುಂದೆ ಒಂದು ಗಂಟೆ ಕಾಫಿ-ಟೀ ಬೇಡ, ಕಬ್ಬಿಣವನ್ನು ದೇಹ ಹೀರುವುದಕ್ಕೆ ಅವು ಅಡ್ಡಿ. ಊಟ ಮುಗಿದ ಕೂಡಲೇ ಕಾಫಿ ಕುಡಿಯುವ ನಮ್ಮ ಅಭ್ಯಾಸ ಇಲ್ಲಿ ಕೆಡಿಸುತ್ತದೆ. ನುಗ್ಗೆಸೊಪ್ಪು, ಹರಿವೆ, ಹುರುಳಿಯ ಜೊತೆ ನಿಂಬೆಹುಳಿಯೋ ನೆಲ್ಲಿಕಾಯಿಯೋ ಇದ್ದರೆ ಹೀರುವಿಕೆ ಹೆಚ್ಚು.

ಎಷ್ಟು ತಿಂದರೂ ರಕ್ತ ಏರದಿದ್ದರೆ ಕಾಲು ನೋಡಿ. ಹಸಿ ತೋಟದಲ್ಲಿ, ಗೊಬ್ಬರದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಚರ್ಮದ ಮೂಲಕ ಒಳಗೆ ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಅದಕ್ಕೇ ವರ್ಷಕ್ಕೆರಡು ಬಾರಿ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಕೊಡುವುದು. ಆ ದಿನ ಶಾಲೆ ತಪ್ಪಿಸಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ತಿನ್ನಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಎಂದರೆ 12 ವರ್ಷ ದಾಟಿದ ಹುಡುಗಿಗೆ ರಕ್ತಹೀನತೆ. ಆಗ ವಾರದ ಮಾತ್ರೆ ಸಾಲದು, ವೈದ್ಯರು ದಿನವೂ ತಿನ್ನುವಂತೆ ಬರೆದುಕೊಡುತ್ತಾರೆ. 8ಕ್ಕಿಂತ ಕೆಳಗಿಳಿದರೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ತಡಮಾಡದೆ ಹೋಗಿ.

ದರಗು (ಒಣ ಎಲೆ) ಗುಡಿಸಲು, ಸೌದೆಗೆ ಹುಡುಗಿಯರನ್ನು ಕಾಡಿಗೆ ಕಳಿಸಬಹುದೇ?

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು (ಉಣ್ಣೆ ಹುಳ), ಅದು ಇರುವುದು ದರಗಿನಲ್ಲಿ. ಮಂಗ ಸತ್ತ ಸುದ್ದಿಯಿದ್ದ ಕಾಡಿಗೆ ಯಾರೂ ಬೇಡ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ತುಂಬುತೋಳು ಹಾಕಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

17 ತುಂಬಿದ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದು ತಿಳಿಯಿತು. ಯಾರಿಗೆ ಹೇಳಬೇಕು? ನಮ್ಮ ಹೆಸರು ಹೊರಬೀಳುತ್ತದೆಯೇ?

1098ಕ್ಕೆ ಕರೆ ಮಾಡಿ, ಹೆಸರು ಹೇಳಬೇಕಿಲ್ಲ. ಹುಡುಗಿಯ ಊರು, ಓದಿದ ಶಾಲೆ, ಮದುವೆಯ ತಾರೀಕು, ಛತ್ರವೋ ಮನೆಯೋ ದೇವಸ್ಥಾನವೋ ಎಂಬುದು ಸಾಕು. ಕರ್ನಾಟಕದಲ್ಲಿ ಪಿಡಿಒ, ಮುಖ್ಯೋಪಾಧ್ಯಾಯರು, ಕಂದಾಯ ನಿರೀಕ್ಷಕರು, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರ್ ಇವರೆಲ್ಲ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ. ‘ನಮಗೆ ಸಂಬಂಧವಿಲ್ಲ’ ಎನ್ನುವಂತಿಲ್ಲ. ಚಪ್ಪರ ಹಾಕಿದ ದಿನ ಹೇಳುವುದಕ್ಕಿಂತ ನಿಶ್ಚಿತಾರ್ಥದ ಹೊತ್ತಿಗೇ ಹೇಳುವುದು ಒಳ್ಳೆಯದು. ಖರ್ಚು ಆಗಿರುವುದಿಲ್ಲ, ಮನೆಯವರು ಮಾತು ಕೇಳುತ್ತಾರೆ. ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು.

ಮುಚ್ಚಳಿಕೆ ಬರೆಸಿಕೊಂಡು ಅಧಿಕಾರಿಗಳು ಹೊರಟ ಮೇಲೆ ಬೇರೆ ಜಿಲ್ಲೆಯಲ್ಲಿ ಗುಟ್ಟಾಗಿ ತಾಳಿ ಕಟ್ಟಿಸುವುದು ಸಾಮಾನ್ಯ. ಆದ್ದರಿಂದ ಮುಂದಿನ ಎರಡು ವಾರ ಹುಡುಗಿ ಕಾಲೇಜಿಗೆ ಬರುತ್ತಿದ್ದಾಳೆಯೇ ಎಂದು ಯಾರಾದರೂ ಗಮನಿಸಲೇಬೇಕು. ಕಾಲೇಜಿನಲ್ಲಿ ಹೆಸರೇ ಇಲ್ಲದವಳನ್ನು ಗಮನಿಸುವವರು ಯಾರೂ ಇರುವುದಿಲ್ಲ. ಓದು ಮತ್ತು ಮದುವೆಯ ಗಂಟು ಇರುವುದೇ ಇಲ್ಲಿ.

2016ರ ರಾಜ್ಯ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ನಡೆಸಿಕೊಟ್ಟ ಪುರೋಹಿತರೂ ತಪ್ಪಿಸಿಕೊಳ್ಳಲಾರರು. ಮದುವೆ ಅಸಿಂಧುವಾದರೂ ಹುಡುಗಿಗೆ ಜೀವನಾಂಶದ ಹಕ್ಕಿದೆ, ಹುಟ್ಟಿದ ಮಗು ಕಾನೂನುಬದ್ಧ ಸಂತಾನವೇ.

‘ಆಧಾರಿನಲ್ಲಿ 18 ಆಗಿದೆ’ ಎಂದು ತೋರಿಸುತ್ತಾರೆ.

ಆಧಾರ್ ವಯಸ್ಸಿನ ದಾಖಲೆಯಲ್ಲ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಅಥವಾ ಎಸ್ಸೆಸ್ಸೆಲ್ಸಿ ಪತ್ರ, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಛತ್ರದವರು, ದೇವಸ್ಥಾನದವರು ಕೂಡ ಇದೇ ಕ್ರಮದಲ್ಲಿ ಕೇಳಬೇಕು.

ಭಾಗ್ಯಲಕ್ಷ್ಮಿ ಬಾಂಡ್ ಇದೆ. 18 ತುಂಬಿದೆ. ಮುಂದೇನು?

2006ರ ಮಾರ್ಚ್ 31ರ ನಂತರ ಬಿಪಿಎಲ್ ಮನೆಯಲ್ಲಿ ಹುಟ್ಟಿದವರ ಮೊದಲ ತಂಡಕ್ಕೆ 2024ರಿಂದ ಬಾಂಡ್ ಪಕ್ವವಾಗುತ್ತಿದೆ. ಎಂಟನೇ ಕ್ಲಾಸಿನವರೆಗೆ ಓದಿರಬೇಕು, ಬಾಲಕಾರ್ಮಿಕಳಾಗಿರಬಾರದು, 18ರ ಮುಂಚೆ ಮದುವೆಯಾಗಿರಬಾರದು. ಬಾಂಡ್, ವ್ಯಾಸಂಗ ಪತ್ರ, ಆಧಾರ್, ಮಗಳದೇ ಹೆಸರಿನ ಬ್ಯಾಂಕ್ ಖಾತೆಯ ಪುಸ್ತಕ ಹಿಡಿದು ಅಂಗನವಾಡಿ ಟೀಚರ್ ಮೂಲಕ ಸಿಡಿಪಿಒ ಕಚೇರಿಗೆ ಕೊಡಿ. ಬಾಂಡಿನ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದಿರುವುದು ಇಲ್ಲಿಯೂ ದೊಡ್ಡ ಕಿರಿಕಿರಿ. ತಿದ್ದುಪಡಿಗೆ ಅದೇ ಕಚೇರಿಯಲ್ಲಿ ಅರ್ಜಿ. 2020ರಿಂದ ಈಚೆಗೆ ನೋಂದಾಯಿಸಿದವರದು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆ: ಸರ್ಕಾರ ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಕಟ್ಟುತ್ತದೆ.

ಬಸ್‌ಸ್ಟ್ಯಾಂಡಿನಿಂದ ಒಬ್ಬ ದಿನಾ ಹಿಂಬಾಲಿಸುತ್ತಾನೆ. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ.

ಈ ಹೆದರಿಕೆ ನಿಜವಾದದ್ದು, ತಳ್ಳಿಹಾಕುವುದಿಲ್ಲ. ಮೊದಲು ಅಮ್ಮ, ಅಕ್ಕ, ಅತ್ತಿಗೆ ಅಥವಾ ಕಾಲೇಜಿನ ಮೇಡಂ, ಯಾರಾದರೂ ಒಬ್ಬರಿಗೆ ಹೇಳು. ತಾರೀಕು, ಹೊತ್ತು, ಜಾಗ, ಬೈಕಿನ ನಂಬರ್ ಬರೆದಿಡು. ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ, ಮೊದಲ ಸಲಕ್ಕೆ 3 ವರ್ಷದವರೆಗೆ ಸಜೆ. ತಕ್ಷಣದ ಅಪಾಯಕ್ಕೆ 112. ಅಪ್ಪ-ಅಮ್ಮನಿಗೊಂದು ಮಾತು: ಹೇಳಿಕೊಂಡ ಮಗಳ ಕಾಲೇಜು ಬಿಡಿಸಿದರೆ, ಮುಂದಿನ ಸಲ ಅವಳೂ ಹೇಳುವುದಿಲ್ಲ, ಅವಳನ್ನು ನೋಡಿದ ತಂಗಿಯೂ ಹೇಳುವುದಿಲ್ಲ.

ನನ್ನ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾನೆ. ಡಿಲೀಟ್ ಮಾಡಿ ಸುಮ್ಮನಿರಲೇ?

ಡಿಲೀಟ್ ಮಾಡಬೇಡ, ದುಡ್ಡೂ ಕೊಡಬೇಡ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಅವನ ಖಾತೆಯ ವಿಳಾಸ, ನಂಬರ್, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆ. ಹೆಸರು ಮಾತ್ರ ತೆಗೆದರೆ ಸಾಲದು, ಅದನ್ನು ಅವನು ಬದಲಿಸಬಲ್ಲ. ಸಾಕ್ಷಿಗೆಂದು ಆ ಚಿತ್ರವನ್ನು ಗೆಳತಿಯರಿಗೆ ಕಳಿಸಬೇಡ: 18 ತುಂಬದವರ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದು, ಹಂಚುವುದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಮತ್ತು ಐಟಿ ಕಾಯ್ದೆಯಡಿ ಅಪರಾಧವಾಗಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಂಗಸರು-ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು, ಫೋನಿಗೆ 1930. ಆ್ಯಪ್‌ನಲ್ಲೂ ದೂರು ಒತ್ತು, ಆದರೆ ಸ್ಕ್ರೀನ್‌ಶಾಟ್ ತೆಗೆದ ಮೇಲೆ. ಮೊದಲೇ ಒತ್ತಿದರೆ ಖಾತೆ ಮಾಯವಾಗಿ ಸಾಕ್ಷಿಯೂ ಹೋಗುತ್ತದೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ. ಮೊದಲ ದಿನ ಏನು ಮಾಡಬೇಕು?

ಮೀಯಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕುರುಹು ಕೆಡುತ್ತದೆ. ಪೊಲೀಸರಿಗಿಂತ ಮೊದಲು ಆಸ್ಪತ್ರೆಗೆ ಹೋದರೂ ಸರಿ. ಸರ್ಕಾರಿಯಾಗಲಿ ಖಾಸಗಿಯಾಗಲಿ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು, ‘ಎಫ್‌ಐಆರ್ ತನ್ನಿ’ ಎನ್ನುವಂತಿಲ್ಲ. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧಿ ಎರಡಕ್ಕೂ 72 ಗಂಟೆಯೊಳಗೆ ಹೋಗಬೇಕು. ಹುಡುಗಿಯ ಪರೀಕ್ಷೆ ವೈದ್ಯೆಯೇ ಮಾಡಬೇಕು.

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ. ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಇರಲು ಜಾಗ, ಆಪ್ತಸಮಾಲೋಚನೆ ಬೇಕಾದರೆ 181ಕ್ಕೆ ಕರೆ ಮಾಡಿ ಸಖಿ ಕೇಂದ್ರ ಕೇಳಿ. ವಕೀಲರಿಗೆ ದುಡ್ಡಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, 15100. ಹೆಂಗಸರು, ಮಕ್ಕಳಿಗೆ ಆದಾಯ ಎಷ್ಟಿದ್ದರೂ ನೆರವು ಪುಕ್ಕಟೆ.

ಊರಿನ ಹಿರಿಯರು ರಾಜಿ ಮಾಡಿಸುತ್ತೇವೆ, ಅವನಿಗೇ ಮದುವೆ ಮಾಡಿಕೊಡಿ ಎನ್ನುತ್ತಾರೆ.

ಪೋಕ್ಸೊ ಪ್ರಕರಣದಲ್ಲಿ ಊರಿನ ಪಂಚಾಯ್ತಿಕೆಗೆ ಜಾಗವಿಲ್ಲ. ವಿಷಯ ಗೊತ್ತಿದ್ದೂ ತಿಳಿಸದವರಿಗೆ 6 ತಿಂಗಳವರೆಗೆ ಸಜೆಯಿದೆ, ಹಿರಿಯರಿಗೂ, ಮೇಷ್ಟ್ರಿಗೂ, ವೈದ್ಯರಿಗೂ. ಇಬ್ಬರೂ ಒಪ್ಪಿಯೇ ಓಡಿಹೋಗಿದ್ದರೂ 18 ತುಂಬದ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹತ್ತೊಂಬತ್ತರ ಹುಡುಗ ಜೈಲು ಸೇರುತ್ತಾನೆ. ಇದನ್ನು ಗಂಡುಮಕ್ಕಳ ಮನೆಗಳಲ್ಲೂ ಹೇಳಬೇಕು, ಹೇಳುವವರು ಕಡಿಮೆ.

ಶಿವಮೊಗ್ಗದಲ್ಲಿ ಪಿಜಿ ನೋಡುತ್ತಿದ್ದೇವೆ. ಏನು ಗಮನಿಸಬೇಕು?

ಸಂಜೆ ಏಳರ ಮೇಲೆ ಹೋಗಿ ನೋಡಿ, ಬೆಳಿಗ್ಗೆಯಲ್ಲ. ಬಸ್ಸಿಳಿದ ಜಾಗದಿಂದ ಬಾಗಿಲವರೆಗೆ ಬೀದಿದೀಪ ಉರಿಯುತ್ತಿದೆಯೇ, ರೂಮಿಗೂ ಬಚ್ಚಲಿಗೂ ಒಳಚಿಲಕ ಇದೆಯೇ, ಮಹಡಿಗೆ ಎರಡನೇ ಮೆಟ್ಟಿಲಿದೆಯೇ. ಅಲ್ಲಿರುವ ಹುಡುಗಿಯರನ್ನು ಮಾಲೀಕರಿಲ್ಲದಾಗ ಮಾತಾಡಿಸಿ. ಮುಂಗಡಕ್ಕೆ ರಸೀದಿ ಪಡೆಯಿರಿ. ಕೆಲಸಕ್ಕೆ ಸೇರುವ ಮಗಳಾದರೆ, 10 ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳ ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ದೂರು 3 ತಿಂಗಳೊಳಗೆ, ಬರಹದಲ್ಲಿ.

ಪರೀಕ್ಷೆ, ಮನೆ, ಒಂಟಿತನ, ಏನೂ ಬೇಡ ಎನ್ನಿಸುತ್ತಿದೆ.

ಟೆಲಿ ಮನಸ್, 14416. ಹಗಲು-ರಾತ್ರಿ, ಕನ್ನಡದಲ್ಲೇ, ಪುಕ್ಕಟೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಹದಿಹರೆಯದವರ ಜೊತೆ ಮಾತಾಡಲೆಂದೇ ಆಪ್ತಸಮಾಲೋಚಕರಿರುತ್ತಾರೆ. ಮುಟ್ಟಿನ ಏರುಪೇರಿಗೂ ಅಲ್ಲಿಗೆ ಹೋಗಬಹುದು.

ಆಗಸ್ಟಿನಲ್ಲೇ ಕಾಲೇಜು ಬಿಟ್ಟಾಗಿದೆ. ಈಗ ಏನಾದರೂ ಮಾಡಬಹುದೇ?

ಟಿ.ಸಿ. ತೆಗೆಸಬೇಡಿ, ಅದೇ ಮೊದಲ ಕೆಲಸ. ದಾಖಲಾತಿಯಲ್ಲಿ ಹೆಸರಿರುವವರೆಗೆ ಮರಳುವ ದಾರಿಯಿದೆ. ಪ್ರಾಂಶುಪಾಲರನ್ನು ಕಂಡು ಹಾಜರಾತಿ ಎಷ್ಟು ಕಡಿಮೆಯಾಗಿದೆ ಎಂದು ದಿನದ ಲೆಕ್ಕದಲ್ಲಿ ಕೇಳಿ, ಕಾಯಿಲೆಯಿದ್ದರೆ ವೈದ್ಯರ ಪತ್ರ ಕೊಡಿ. ಹಾಸ್ಟೆಲಿಗೆ ಸೇರಿ ಬಿಟ್ಟುಹೋದವರ ಸೀಟು ಸೆಪ್ಟೆಂಬರ್ ಹೊತ್ತಿಗೆ ಖಾಲಿ ಬೀಳುವುದುಂಟು, ತಾಲ್ಲೂಕಿನ ಕಲ್ಯಾಣ ಅಧಿಕಾರಿಯ ಕಚೇರಿಗೆ ಹೋಗಿ ಕೇಳಿ, ಫೋನಿನಲ್ಲಿ ಕೇಳಿದರೆ ‘ಇಲ್ಲ’ ಎಂದೇ ಬರುತ್ತದೆ. ಈ ವರ್ಷ ಆಗಲೇ ಇಲ್ಲವೆಂದರೆ ಆದಾಯ ಪ್ರಮಾಣಪತ್ರ, ಎನ್‌ಪಿಸಿಐ ಜೋಡಣೆ, ಆಧಾರಿನ ಫೋನ್ ನಂಬರ್ ಮೂರನ್ನೂ ದೀಪಾವಳಿಯೊಳಗೆ ಸರಿ ಮಾಡಿಸಿಟ್ಟುಕೊಳ್ಳಿ. ಕೊಯ್ಲು ಶುರುವಾದ ಮೇಲೆ ನಾಡಕಚೇರಿಗೆ ಓಡಾಡಲು ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ.